ಬೀಜ ಕಾಯ್ದವರಿಗೆ ಸೆರೆಮನೆ



ಜಗತ್ತಿನ ಹಸಿವು ನೀಗಲೆಂದು ಬೀಜ ಸಂಗ್ರಹಿಸಿದ ವಿಜ್ಞಾನಿಯೊಬ್ಬರು ಸೆರೆಮನೆಯಲ್ಲಿ ಹಸಿವಿನಿಂದ ಕೃಶರಾಗಿ ತೀರಿಕೊಂಡರು. ಅವರು ಸೋವಿಯತ್ ಒಕ್ಕೂಟದ ನಿಕೊಲಾಯ್ ವಾವಿಲೊವ್. 1887ರಲ್ಲಿ ಜನಿಸಿದ ಅವರು ಐದು ಖಂಡಗಳಲ್ಲಿ ಸಂಚರಿಸಿ ಗೋಧಿ, ಮುಸುಕಿನ ಜೋಳ, ಬೇಳೆಕಾಳುಗಳ ತಳಿಗಳನ್ನು ಲೆನಿನ್‌ಗ್ರಾಡಿನ ಸಂಸ್ಥೆಗೆ ತಂದರು. ಬೆಳೆಗಳ ಮೂಲನೆಲೆಗಳು ಹೆಚ್ಚಾಗಿ ಬೆಟ್ಟಸೀಮೆಗಳೇ ಎಂದು ತೋರಿಸಿಕೊಟ್ಟವರೂ ಅವರೇ.

ಅದೇ ಕಾಲದಲ್ಲಿ ಸ್ಟಾಲಿನ್ ಆಡಳಿತವು ರೈತರ ಹೊಲಗಳನ್ನು ಬಲವಂತದಿಂದ ಸಾಮೂಹಿಕ ಬೇಸಾಯಕ್ಕೆ ಸೇರಿಸುತ್ತಿತ್ತು. 1932ರ ಆಗಸ್ಟ್ 7ರ ಕಾನೂನು ಸಾಮೂಹಿಕ ಹೊಲದ ಕಳವಿಗೆ ಮರಣದಂಡನೆಯನ್ನು, ರಿಯಾಯಿತಿ ತೋರಿದರೆ ಕನಿಷ್ಠ 10 ವರ್ಷಗಳ ಸೆರೆಯನ್ನು ವಿಧಿಸಿತು. ಹೊಲದಲ್ಲಿ ತೆನೆ ಆಯ್ದ ಹಸಿದವರೂ ಅದಕ್ಕೆ ಬಲಿಯಾದರು. 1933ರ ಜನವರಿಯಲ್ಲಿ ಉಕ್ರೇನಿನ ರೈತರು ಆಹಾರ ಅರಸಿ ಹೊರಹೋಗದಂತೆ ತಡೆಯಲಾಯಿತು. ಲಕ್ಷಾಂತರ ಜನ ಸತ್ತರೂ ಆ ದೇಶದ ಪತ್ರಿಕೆಗಳಲ್ಲಿ ಕ್ಷಾಮದ ಸುದ್ದಿ ಬರಲಿಲ್ಲ.

ಸೋಲಿಗೆ ಕಾರಣ ಹುಡುಕುವ ಬದಲು ಆಡಳಿತವು ಶತ್ರುಗಳನ್ನು ಹುಡುಕಿತು. ಬೀಜವನ್ನು ನೆನೆಸಿ ತಂಪಿನಲ್ಲಿರಿಸಿ ಬಿತ್ತಿದರೆ ಇಳುವರಿ ಹೆಚ್ಚುವುದೆಂದು ಸಾರಿದ ಟ್ರೊಫಿಮ್ ಲೈಸೆಂಕೊ, 1935ರ ಸಭೆಯೊಂದರಲ್ಲಿ ತನ್ನನ್ನು ವಿರೋಧಿಸುವ ವಿಜ್ಞಾನಿಗಳನ್ನು ವರ್ಗಶತ್ರುಗಳ ಸಾಲಿಗೆ ಸೇರಿಸಿದ. ಸ್ಟಾಲಿನ್ ಸಭೆಯಲ್ಲೇ ಆತನನ್ನು ಹೊಗಳಿದ. ಅಂದಿನಿಂದ ಪ್ರಯೋಗದ ಫಲಿತಾಂಶವನ್ನು ಪ್ರಶ್ನಿಸುವುದೂ ದ್ರೋಹವಾಯಿತು. 1937-38ರಲ್ಲಿ, ಸರ್ಕಾರಿ ದಾಖಲೆಗಳಂತೆ, 6.8 ಲಕ್ಷ ಜನರನ್ನು ಕೊಲ್ಲಲಾಯಿತು. ಯಾವ ಪ್ರಾಂತದಲ್ಲಿ ಎಷ್ಟು ಮಂದಿಯನ್ನು ಕೊಲ್ಲಬೇಕೆಂಬ ಲೆಕ್ಕ ಮೇಲಿನಿಂದಲೇ ಬರುತ್ತಿತ್ತು. ಆರೋಪಿಗಳ ಮಡದಿಯರೂ ಸೆರೆ ಸೇರಿದರು. ಮನೆಯವರಿಗಾಗಿ ಹೆದರಿ ಜನ ಮೌನವಾದರು.

ವಾವಿಲೊವ್ ಮೌನವಾಗಲಿಲ್ಲ. 1940ರ ಆಗಸ್ಟ್ 6ರಂದು ಸಸ್ಯ ಸಂಗ್ರಹಕ್ಕೆಂದು ಹೋಗಿದ್ದ ಪಶ್ಚಿಮ ಉಕ್ರೇನಿನಲ್ಲಿ ಅವರ ಬಂಧನವಾಯಿತು. ಕೃಷಿಯನ್ನು ಹಾಳುಗೆಡವಿದ, ಗೂಢಚಾರಿಕೆ ನಡೆಸಿದ ಆರೋಪಗಳನ್ನು ಹೊರಿಸಿ 1941ರಲ್ಲಿ ಮರಣದಂಡನೆ ವಿಧಿಸಲಾಯಿತು. ಅದು 20 ವರ್ಷಗಳ ಸೆರೆಗೆ ಇಳಿದರೂ, 1943ರ ಜನವರಿ 26ರಂದು ಸರಾಟೊವ್ ಸೆರೆಮನೆಯಲ್ಲಿ ಅವರು ಅಸುನೀಗಿದರು. ಇತ್ತ ಜರ್ಮನ್ ಸೇನೆ ಮುತ್ತಿದ ಲೆನಿನ್‌ಗ್ರಾಡಿನಲ್ಲಿ ಅವರ ಸಹೋದ್ಯೋಗಿಗಳಲ್ಲಿ ಹಲವರು, ಕಾಳಿನ ರಾಶಿಯನ್ನು ಕಾಯುತ್ತಲೇ ಹಸಿವಿನಿಂದ ಸತ್ತರು. ಬಿತ್ತನೆಯ ಬೀಜವನ್ನು ಅವರು ತಿನ್ನಲಿಲ್ಲ.

1948ರಲ್ಲಿ ತಳಿವಿಜ್ಞಾನವನ್ನೇ ಬಹಿಷ್ಕರಿಸಲಾಯಿತು. 1955ರಲ್ಲಿ ವಾವಿಲೊವ್ ನಿರ್ದೋಷಿಯೆಂದು ಘೋಷಿತರಾದರು. ಲೈಸೆಂಕೊನ ಹಿಡಿತ ಸಡಿಲವಾಗಲು 1965ರವರೆಗೆ ಕಾಯಬೇಕಾಯಿತು.

ಆಜ್ಞೆಯಿಂದ ಮನುಷ್ಯರ ಬಾಯಿ ಮುಚ್ಚಿಸಬಹುದು, ಹೊಲದಲ್ಲಿ ತೆನೆ ಮೂಡಿಸಲಾಗದು. ಬೆಳೆ ಬರಲಿಲ್ಲವೆಂದು ರೈತನೂ, ಪ್ರಯೋಗ ಸೋತಿತೆಂದು ವಿದ್ಯಾರ್ಥಿಯೂ ನಿರ್ಭಯವಾಗಿ ಹೇಳಬಲ್ಲ ನಾಡು ಮಾತ್ರ ತನ್ನ ತಪ್ಪನ್ನು ತಿದ್ದಿಕೊಂಡೀತು.