ಹೆತ್ತವರಿರುವ ಅನಾಥರು
(ಶತಮಾನೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಈ ಶಾಲೆಯಲ್ಲಿ ಅಕ್ಷರ ಕಲಿತವರು ಇಂದು ಅನೇಕ ದೇಶಗಳಲ್ಲಿದ್ದಾರೆ. ಪರದೇಶಗಳ ಅನಾಥ ಮಕ್ಕಳಿಗೂ ಬೀದಿಮಕ್ಕಳಿಗೂ ನೆರವಾಗಬೇಕೆಂದು ಅವರಲ್ಲಿ ಹಲವರು ಬಯಸುವುದು ನಮಗೆ ಹೆಮ್ಮೆಯ ಸಂಗತಿ. ಆ ಬಯಕೆಗೆ ಅಡ್ಡಬರುವುದು ನಮ್ಮ ಉದ್ದೇಶವಲ್ಲ. ಆದರೆ ಹಾಗೆ ಕೊಟ್ಟ ಹಣದಿಂದ ಕಾಂಬೋಡಿಯಾದಲ್ಲಿ ಏನಾಯಿತೆಂಬುದನ್ನು ತಮ್ಮ ಮುಂದಿಡಬೇಕೆನಿಸಿದೆ.

1975ರಿಂದ 1979ರವರೆಗೆ ಖ್ಮೇರ್ ರೂಜ್ ಆಡಳಿತದಲ್ಲಿ ಆ ನಾಡು ಹಸಿವು, ರೋಗ, ಕೊಲೆಗಳಿಂದ ನಲುಗಿತು. ಅಂದು ಬದುಕುಳಿದ ಎಷ್ಟೋ ಮಕ್ಕಳು ನಿಜವಾಗಿಯೂ ಅನಾಥರು. ವಿಚಿತ್ರವೆಂದರೆ, ಶಾಂತಿ ನೆಲೆಸಿ ಆ ಮಕ್ಕಳು ಬೆಳೆದು ದೊಡ್ಡವರಾದ ಮೇಲೂ ಅನಾಥಾಲಯಗಳು ಹೆಚ್ಚುತ್ತಲೇ ಹೋದವು. 2005ರಿಂದ 2010ರವರೆಗಿನ ಐದು ವರ್ಷಗಳಲ್ಲಿ ಅವುಗಳ ಸಂಖ್ಯೆ ಶೇಕಡಾ 75ರಷ್ಟು ಏರಿತು. ಅಲ್ಲಿದ್ದ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ತಾಯಿಯೋ ತಂದೆಯೋ ಇದ್ದರು! ಅಂಗ್ಕೋರ್ ದೇವಾಲಯಗಳನ್ನು ನೋಡಲು ಬಂದ ಪ್ರವಾಸಿಗರು (ನಮ್ಮವರೂ ಹೋಗುವುದುಂಟು) ಸಮೀಪದ ಸಿಯೆಮ್ ರೀಪ್ ನಗರದ ಅನಾಥಾಲಯಗಳಿಗೂ ಹೋಗಿ, ಮಕ್ಕಳ ಕುಣಿತ ನೋಡಿ, ಅವರನ್ನು ಎತ್ತಿ ಮುದ್ದಾಡಿ, ಹಣವಿತ್ತು ಮರಳುತ್ತಿದ್ದರು. ಹಣ ಬಂದಂತೆ ಹೊಸ ಅನಾಥಾಲಯಗಳು ತೆರೆದುಕೊಂಡವು. ಅವುಗಳನ್ನು ತುಂಬಲು ಹಳ್ಳಿಗಳಿಂದ ಮಕ್ಕಳು ಬಂದರು.

ಹೆತ್ತವರು ಏಕೆ ಕಳುಹಿಸಿದರು? ಬಡತನ ಒಂದು ಕಾರಣ. ಅಲ್ಲಿಯಾದರೆ ಮಗುವಿಗೆ ಒಳ್ಳೆಯ ಶಿಕ್ಷಣ ದೊರೆಯುವುದೆಂಬ ನಂಬಿಕೆ ಇನ್ನೊಂದು. ಉಪಾಧ್ಯಾಯರಾದ ನಮ್ಮನ್ನು ಹೆಚ್ಚು ಕಲಕಿದ್ದು ಈ ಎರಡನೆಯದು. ಮಗುವಿಗೆ ವಿದ್ಯೆ ದೊರೆಯಲೆಂದು ತಾಯಿ ಮಗುವನ್ನೇ ಬಿಟ್ಟುಕೊಡಬೇಕಾಯಿತು. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಒಳ್ಳೆಯ ಶಾಲೆ, ಪುಸ್ತಕ, ಮಧ್ಯಾಹ್ನದ ಊಟ ಇದ್ದಿದ್ದರೆ ಅವರಲ್ಲಿ ಎಷ್ಟೋ ಮಕ್ಕಳು ಸಂಜೆಗೆ ತಮ್ಮ ಮನೆಯಲ್ಲೇ ಇರುತ್ತಿದ್ದರು.

ಅನಾಥಾಲಯದಲ್ಲಿ ಊಟ, ಬಟ್ಟೆ, ಹಾಸಿಗೆ ಇದ್ದರೆ ಸಾಲದೇ ಎಂದು ಕೇಳಬಹುದು. ರುಮೇನಿಯಾದ ಬುಖಾರೆಸ್ಟ್‌ನಲ್ಲಿ ಸಂಸ್ಥೆಗಳಲ್ಲಿದ್ದ 136 ಎಳೆಯ ಮಕ್ಕಳನ್ನು ವಿಜ್ಞಾನಿಗಳು ವರ್ಷಗಳ ಕಾಲ ಅಧ್ಯಯನ ಮಾಡಿದರು. ಅವರಲ್ಲಿ ಅರ್ಧದಷ್ಟು ಮಕ್ಕಳನ್ನು ಸಾಕುಕುಟುಂಬಗಳಿಗೆ ಒಪ್ಪಿಸಲಾಯಿತು. ಆ ಮಕ್ಕಳ ಬುದ್ಧಿಯೂ ಭಾವಬಂಧವೂ ಚೇತರಿಸಿಕೊಂಡವು. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರಲ್ಲಿ ಈ ಚೇತರಿಕೆ ಇನ್ನೂ ಹೆಚ್ಚಾಗಿತ್ತು. ಸರದಿಯ ಮೇಲೆ ಬಂದುಹೋಗುವ ದಾದಿಯರು ಎಷ್ಟೇ ಒಳ್ಳೆಯವರಿರಲಿ, ಮಗುವಿಗೆ ತನ್ನವರೆಂಬ ಒಬ್ಬರು ಬೇಕು. ನಿಜವಾಗಿಯೂ ಯಾರೂ ಇಲ್ಲದ ಮಗುವಿಗೂ ಬೇಕಾದುದು ಇದೇ.

ಕಾಂಬೋಡಿಯಾದ ರಾಜಧಾನಿ ಫ್ನೋಮ್ ಪೆನ್‌ನಲ್ಲಿ 1994ರಿಂದ ಬೀದಿಮಕ್ಕಳಿಗಾಗಿ ದುಡಿಯುತ್ತಿರುವ 'ಮಿತ್ ಸಮ್ಲಾನ್' ಎಂಬ ಸಂಸ್ಥೆ ಬೇರೆ ದಾರಿ ಹಿಡಿಯಿತು. ಅದು ಮಕ್ಕಳನ್ನು ಶಾಲೆಗೂ ಮನೆಗೂ ಮರಳಿಸಲು ಶ್ರಮಿಸುತ್ತದೆ. ಬೆಳೆದವರಿಗೆ ಅಡುಗೆ, ಕ್ಷೌರ, ವಾಹನ ದುರಸ್ತಿಯಂತಹ ಕಸುಬು ಕಲಿಸುತ್ತದೆ. ಅಡುಗೆ ಕಲಿಯುವವರೇ ಅಲ್ಲಿ ಹೋಟೆಲಿನಲ್ಲಿ ಬಡಿಸುತ್ತಾರೆ. ಪ್ರವಾಸಿ ಅಲ್ಲಿ ಉಂಡು ಹಣ ಕೊಡಬಹುದು, ಮಕ್ಕಳನ್ನು ಪ್ರದರ್ಶನಕ್ಕಿಡಬೇಕಾಗಿಲ್ಲ.

ಆದುದರಿಂದ ಕೊಡುವ ಮೊದಲು ತಾವು ವಿಚಾರಿಸಬೇಕು. ಅಲ್ಲಿನ ಮಕ್ಕಳಲ್ಲಿ ಎಷ್ಟು ಮಂದಿಗೆ ಹೆತ್ತವರಿದ್ದಾರೆ? ಕಳೆದ ವರ್ಷ ಎಷ್ಟು ಮಂದಿ ಮನೆಗೆ ಮರಳಿದರು? ಗುರುತು ಪರಿಚಯವಿಲ್ಲದೆ ಬಾಗಿಲಿಗೆ ಬಂದ ತಮ್ಮನ್ನು ನೇರವಾಗಿ ಮಕ್ಕಳ ನಡುವೆ ಬಿಟ್ಟರೆ, ಅಲ್ಲಿ ಹಣ ಕೊಡಬೇಡಿ. ನಮ್ಮ ತರಗತಿಗಳಿಗೆ ನಾವು ಹಾಗೆ ಯಾರನ್ನೂ ಬಿಡುವುದಿಲ್ಲ.