ಯಾವ ಕಸಕ್ಕೆ ಯಾವ ಗುಂಡಿ?

(ಭಂಕೂರದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಪಠ್ಯ)



ಈ ಶಹಾಬಾದ್ ಸೀಮೆಯಲ್ಲಿ ಫರ್ಸಿ ಕಲ್ಲು ತೆಗೆದು ಬಿಟ್ಟ ಖಣಿಗಳನ್ನು ಕಂಡವರಿಗೆ, ಊರಿನ ಕಸವನ್ನು ಇವುಗಳಲ್ಲಿಯೇ ತುಂಬಬಾರದೇಕೆ ಎಂಬ ಆಲೋಚನೆ ಸಹಜವಾಗಿ ಬರುತ್ತದೆ. ಗುಂಡಿಯೂ ಮುಚ್ಚೀತು, ಕಸವೂ ಕಣ್ಮರೆಯಾದೀತು. ಆದರೆ ಕಸ ತುಂಬಿದ ಗುಂಡಿಗಳೆಲ್ಲ ಭೂಭರ್ತಿ ತಾಣಗಳಾಗುವುದಿಲ್ಲ.

ಇಂತಹ ತಾಣವನ್ನು ವರ್ಗೀಕರಿಸುವುದು ಅದು ಸ್ವೀಕರಿಸುವ ಕಸದಿಂದ. ಐರೋಪ್ಯ ಒಕ್ಕೂಟವು 1999ರಲ್ಲಿ ಮೂರು ವರ್ಗಗಳನ್ನು ಮಾಡಿತು: ಜಡ ತ್ಯಾಜ್ಯ, ಅಪಾಯಕಾರಿಯಲ್ಲದ ತ್ಯಾಜ್ಯ, ಅಪಾಯಕಾರಿ ತ್ಯಾಜ್ಯ. ನೀರು ಇಳಿಯಗೊಡದ ತಳವು ಎರಡನೆಯದಕ್ಕೆ 1 ಮೀಟರ್, ಮೂರನೆಯದಕ್ಕೆ 5 ಮೀಟರ್ ದಪ್ಪವಿರಬೇಕು. ನೆಲ ಸಾಲದಿದ್ದರೆ ಕೃತಕ ಪದರದಿಂದ ಸರಿಪಡಿಸಬೇಕು. ನಮ್ಮಲ್ಲಿಯೂ ಕಾರ್ಖಾನೆಗಳ ಅಪಾಯಕಾರಿ ತ್ಯಾಜ್ಯಕ್ಕೆ ಬೇರೆಯೇ ನಿಯಮ, ದಾಬಸ್‌ಪೇಟೆಯ ಬಳಿ ಬೇರೆಯೇ ತಾಣ. ಊರಿನ ಕಸದ ತಾಣಕ್ಕೆ 2016ರ ನಿಯಮಗಳು 90 ಸೆಂ.ಮೀ. ಜೇಡಿಯ ಪದರವನ್ನೂ ಅದರ ಮೇಲೆ 1.5 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಹಾಳೆಯನ್ನೂ ವಿಧಿಸಿದವು. ಕೊಳೆಯುವ ಕಸ ಅಲ್ಲಿಗೆ ಹೋಗಕೂಡದೆಂದೂ ಹೇಳಿದವು.

ಆ ಕೊನೆಯ ಮಾತೇ ನಿಮಗೆ ಮುಖ್ಯ. ಕಲ್ಲಿನ ಚೂರು ಜಡ. ಅದು ಮರಳಿ ಖಣಿಗೆ ಬಿದ್ದರೆ ಹಾನಿಯಿಲ್ಲ. ಅನ್ನ, ತರಕಾರಿ ಸಿಪ್ಪೆ ಹಾಗಲ್ಲ. ಅವು ಕೊಳೆತಾಗ ಒಸರುವ ರಸ ಆಮ್ಲೀಯ. ಮನೆಯ ಫರ್ಸಿಯ ಮೇಲೆ ನಿಂಬೆರಸ ಚೆಲ್ಲಿದರೆ ಹೊಳಪು ಹೋಗಿ ಕಲೆ ಉಳಿಯುವುದನ್ನು ನಮ್ಮ ತಾಯಂದಿರು ಬಲ್ಲರು. ಖಣಿಯ ತಳದಲ್ಲಿರುವುದೂ ಅದೇ ಸುಣ್ಣಕಲ್ಲು, ಸಾಲದ್ದಕ್ಕೆ ಪದರ ಪದರವಾಗಿ ಸೀಳಿದ್ದು. ರಸಕ್ಕೆ ಬಾವಿಯ ದಾರಿ ತೋರಿಸಲು ಬೇರೆಯವರು ಬೇಕಿಲ್ಲ. ಎರೆ ಮಣ್ಣು ಹಾಸಿದರೆ ಸಾಕೆನ್ನುವವರಿದ್ದಾರೆ. ಹಸಿಯಾಗಿದ್ದಾಗ ಅದು ನೀರು ತಡೆಯುವುದು ನಿಜ. ಆದರೆ ಬೇಸಿಗೆಯಲ್ಲಿ ಎರೆಹೊಲ ಹೇಗೆ ಬಿರಿಯುತ್ತದೆಂಬುದನ್ನು ನಿಮಗೆ ನಾನು ಹೇಳಬೇಕೇ?

ನಾನು ಗುಡ್ಡಗಾಡಿನವನು. ಬೆಟ್ಟದ ಮೇಲೆ ಭೂಭರ್ತಿ ಬೇಡ, ಉಳಿಕೆ ಕಸವನ್ನು 25 ಕಿ.ಮೀ. ಒಳಗಿನ ಬಯಲಿಗೆ ಇಳಿಸಬೇಕೆಂದು ಅದೇ 2016ರ ನಿಯಮಗಳು ಹೇಳಿದವು. ನಮ್ಮ ಇಳಿಜಾರಿಗೆ ಅದು ಸರಿ. 2019ರ ಆಗಸ್ಟ್ ಮಳೆಯಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜಾರಿ ಮಂದಾರದ ಮನೆ, ಅಡಿಕೆ ತೋಟಗಳ ಮೇಲೆ ಬಿತ್ತು. ಆದರೆ ಬಯಲಿನವರ ಬಾವಿಗೆ ಯಾರು ಹೊಣೆ? ಹಸಿ ಕಸವನ್ನು ನಮ್ಮ ತೋಟದಲ್ಲಿಯೇ ಗೊಬ್ಬರ ಮಾಡದೆ ಕೆಳಗಿಳಿಸುವ ಹಕ್ಕು ಬೆಟ್ಟದವರಾದ ನಮಗಿಲ್ಲ.

ಭಂಕೂರದ ಸುತ್ತ ಯಾವುದೇ ಖಣಿಯನ್ನು ಕಸಕ್ಕೆ ಗುರುತಿಸುವ ಮೊದಲು, ಬೇಸಿಗೆಯ ಕೊನೆಯಲ್ಲೊಮ್ಮೆ, ಮಳೆಗಾಲದ ಕೊನೆಯಲ್ಲೊಮ್ಮೆ ಸುತ್ತಲಿನ ಬಾವಿಗಳ ನೀರಿನ ಮಟ್ಟ ಅಳೆದು ಬರೆದಿಡಿರಿ. ಜೇಡಿಪದರದ ತಳದಿಂದ ಅಂತರ್ಜಲ 2 ಮೀಟರಾದರೂ ಕೆಳಗಿರಬೇಕೆಂಬುದು ಆ ನಿಯಮಗಳ ಅಳತೆಯಾಗಿತ್ತು. ವಿದ್ಯಾರ್ಥಿಗಳಿಗೆ ಒಂದು ಹಗ್ಗ, ಒಂದು ಟೇಪು ಸಾಕು.