ಲಬೂಬು ಡಬ್ಬಿಯೂ ಬ್ಯಾಡಗಿ ಮೆಣಸಿನಕಾಯಿ ಚೀಲವೂ

ಲಬೂಬು ಬಗ್ಗೆ ಮಾತಾಡ್ರಿ ಅಂತ ಹಾವೇರಿಯಿಂದ ನಾಲ್ಕೈದು ವಾಯ್ಸ್ ನೋಟ್ ಬಂದಾವ. ಒಬ್ಬಾಕಿ ತಂಗಿ ಕೇಳ್ಯಾಳ: "ಅಕ್ಕಾ, ನನ್ನ ಬ್ಯಾಗಿಗೆ ಹಾಕ್ಕೊಂಡಿರೋದು ಒರಿಜಿನಲ್ಲಾ, ಡುಪ್ಲಿಕೇಟಾ?" ರಾಣೆಬೆನ್ನೂರಿನ ಮೊಬೈಲ್ ಕವರ್ ಅಂಗಡಿಯಾಗ ಇನ್ನೂರೈವತ್ತಕ್ಕ ತಗೊಂಡಿದ್ರ ಡುಪ್ಲಿಕೇಟ್, ಅನುಮಾನಾನೇ ಬ್ಯಾಡ. ಒರಿಜಿನಲ್‌ಗೆ ಒಂಬತ್ತು ಹಲ್ಲು ಇರ್ತಾವ, ಎಣಿಸಿ ನೋಡು. ನಕಲಿಗೆ ಜಗತ್ತಿನ ತುಂಬ 'ಲಫೂಫು' ಅಂತ ಹೆಸರೂ ಬಿದ್ದೈತಿ.

ನಕಲಿ ಅಂತ ನಾಚಿಕೊಳ್ಳಬೇಕಾಗಿಲ್ಲ. ಆದ್ರ ಮನ್ಯಾಗ ಸಣ್ಣ ಕೂಸಿದ್ರ ಮಾತ್ರ ಹುಷಾರು. ಕೈಕಾಲು ಕಿತ್ತು ಬಂದು ಮಕ್ಕಳ ಗಂಟಲಿಗೆ ಸಿಗಬಹುದು ಅಂತ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 2025ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿತ್ತು. ನಮ್ಮಲ್ಲೂ 2021ರ ಜನವರಿ 1ರಿಂದ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಗೊಂಬೆ ಕೈಯಾಗ ಹಿಡಿದು ಆ ಗುರುತು ಹುಡುಕ್ರಿ. ಇನ್ನ ಇದರೊಳಗ ದೆವ್ವ ಐತಿ ಅನ್ನೋ ವಾಟ್ಸ್ಯಾಪ್ ಫಾರ್ವರ್ಡ್ ಸುಳ್ಳು. ಹಾಂಗ್‌ಕಾಂಗ್‌ನಲ್ಲಿ ಹುಟ್ಟಿ ನೆದರ್ಲ್ಯಾಂಡ್ಸ್‌ನಲ್ಲಿ ಬೆಳೆದ ಕಲಾವಿದ ಕಾಸಿಂಗ್ ಲುಂಗ್ ಅಲ್ಲಿನ ಉತ್ತರದೇಶಗಳ ಜನಪದ ಕಥೆ ಕೇಳಿ 2015ರಲ್ಲಿ ಚಿತ್ರಪುಸ್ತಕಕ್ಕೆ ಬರೆದ ಪಾತ್ರ ಅದು.

ಈಗ ನನ್ನ ಬಿಕಾಂ ಬುದ್ಧಿ ಓಡೋ ಜಾಗಕ್ಕ ಬರೋಣ. 2019ರಿಂದ ಚೀನಾದ ಪಾಪ್ ಮಾರ್ಟ್ ಈ ಗೊಂಬೆ ಮಾರ್ತದ, ಹೆಚ್ಚಾಗಿ ಮುಚ್ಚಿದ ಡಬ್ಬಿಯಾಗ. ಒಳಗ ಯಾವ ಬಣ್ಣ ಐತಿ ಅಂತ ರೊಕ್ಕ ಕೊಟ್ಟು ಒಡೆದ ಮ್ಯಾಲೇ ಗೊತ್ತು. ಬ್ಯಾಡಗಿ ಮಾರ್ಕೆಟ್‌ನಾಗ ಹಿಂಗ ವ್ಯಾಪಾರ ಮಾಡಿ ನೋಡ್ರಿ! ಅಲ್ಲಿ ಖರೀದಿದಾರ ಚೀಲ ಬಿಚ್ಚಿ, ಹಿಡಿ ಮೆಣಸಿನಕಾಯಿ ಕೈಯಾಗ ತಗೊಂಡು, ಬಣ್ಣ ನೋಡಿ, ಹಸಿ ಐತೇನು ಅಂತ ಮುರಿದು ನೋಡಿದ ಮ್ಯಾಲೇ ಟೆಂಡರ್‌ಗೆ ರೇಟು ಬರೆಯೋದು. ಅದೇ ದಲಾಲಿ ಅಂಗಡಿಯವರ ಮಗ ಮುಚ್ಚಿದ ಡಬ್ಬಿಗೆ ಸಾವಿರಗಟ್ಟಲೆ ಕೊಡ್ತಾನ.

ಲೆಕ್ಕ ಹಿಂಗೈತಿ. ಒಂದು ಸೀರೀಸ್‌ನಾಗ ಆರು ಸಾದಾ ಗೊಂಬೆ, ಒಂದು 'ಸೀಕ್ರೆಟ್'. ಬಿಡಿ ಬಿಡಿಯಾಗಿ ಕೊಂಡ್ರ ಆರೂ ಸೇರೋಕೆ ಸರಾಸರಿ ಹದಿನೈದು ಡಬ್ಬಿ ಬೇಕು, ಯಾಕಂದ್ರ ಬಂದದ್ದೇ ಮತ್ತ ಮತ್ತ ಬರ್ತದ. ಸೀಕ್ರೆಟ್ ಸಿಗೋ ಸಾಧ್ಯತೆ 72ಕ್ಕೆ ಒಂದು. ಹಂಗಂದ್ರ 72 ಡಬ್ಬಿ ಕೊಂಡ್ರ ಸಿಕ್ಕೇಬಿಡ್ತದ ಅಂದ್ಕೊಂಡ್ರಾ? ಇಲ್ಲ. ಅಷ್ಟು ಕೊಂಡ ಮ್ಯಾಲೂ ನೂರರಲ್ಲಿ ಸುಮಾರು 37 ಮಂದಿ ಬರಿಗೈಯಲ್ಲೇ ಉಳೀತಾರ. ಲಾಟರಿ ಅನ್ನೋ ಪದ ಡಬ್ಬಿ ಮ್ಯಾಲೆ ಇಲ್ಲ ಅಷ್ಟೇ. ಓಸಿ ಬರೆಸೋರಿಗೆ ಬಯ್ಯೋ ಅಪ್ಪಂದಿರು ಇದನ್ನ ಬರ್ತ್‌ಡೇ ಗಿಫ್ಟ್ ಅಂತ ತಂದುಕೊಡ್ತಾರ, ಅದು ನನಗ ವಿಚಿತ್ರ ಅನಸ್ತದ.

2024ರಲ್ಲಿ ಬ್ಲ್ಯಾಕ್‌ಪಿಂಕ್‌ನ ಲಿಸಾ ಈ ಗೊಂಬೆ ಹಿಡ್ಕೊಂಡ ಫೋಟೊ ಹಾಕಿದ ಮ್ಯಾಲೆ ಹುಚ್ಚು ಏರಿತು. 2025ರ ಮೊದಲ ಆರು ತಿಂಗಳಲ್ಲಿ ಕಂಪನಿಯ ಆದಾಯ ಸುಮಾರು 1,388 ಕೋಟಿ ಯುವಾನ್, ಅದರ ಮೂರನೇ ಒಂದು ಪಾಲಿಗಿಂತ ಹೆಚ್ಚು ಲಬೂಬು ಬಳಗದ್ದೇ. ಒಂದೇ ಬೆಳೆ ನಂಬಿದ ರೈತನ ಗತಿ ನಮ್ಮ ಕಡೆಯವರಿಗೆ ಹೇಳಬೇಕೇನು? ಆವಕ ಜಾಸ್ತಿ ಆದ ಕೂಡಲೇ ರೇಟು ಬೀಳ್ತದ. ಲಬೂಬುಗೂ ಹಂಗೇ ಆತು: ಕಂಪನಿ ಮಾಲು ಹೆಚ್ಚು ಬಿಟ್ಟಾಗ ಮರುಮಾರಾಟದ ಬೆಲೆ ಇಳೀತು. ಮುಂದ ಮಾರಿ ಲಾಭ ಮಾಡ್ತೀನಿ ಅಂತ ಡಬ್ಬಿ ಒಡೀದೆ ಇಟ್ಕೊಂಡವರು ಗಮನಿಸ್ರಿ.

ಅದಕ್ಕೇ ಈಗ ಪರದೆ ಮ್ಯಾಲೆ ಕಣ್ಣು. 2025ರ ನವೆಂಬರ್‌ನಲ್ಲಿ ಸೋನಿ ಪಿಕ್ಚರ್ಸ್ ಸಿನಿಮಾ ಹಕ್ಕು ತಗೊಂಡ ಸುದ್ದಿ ಬಂತು. ಪೊಕೆಮಾನ್ ನೋಡ್ರಿ: 1996ರಲ್ಲಿ ಗೇಮ್, ಮರುವರ್ಷ ಕಾರ್ಟೂನ್, ಇವತ್ತಿಗೂ ಮಾರಾಟ ನಿಂತಿಲ್ಲ. ಪಿಕಾಚು ಯಾರು, ಯಾರ ದೋಸ್ತ ಅಂತ ನಮಗ ಕಥೆ ಗೊತ್ತು. ಲಬೂಬುದು ನಗು ಬಿಟ್ಟರ ನಮಗೇನು ಗೊತ್ತೈತಿ? ಸಿನಿಮಾ ಬಂದು ಕನ್ನಡಕ್ಕೆ ಡಬ್ ಆದ್ರ ನಾನಂತೂ ಹಾವೇರಿಯಾಗೇ ನೋಡ್ತೀನಿ. ಟ್ರೇಲರ್ ನೋಡಿ ಟಿಕೆಟ್ ತಗೋಬಹುದಲ್ರೀ.